ಹೆಸರು ಹೇಳಿದರೆ ಬಾಗಿಲು ಬಿಡಬೇಕು

ಮೊನ್ನೆ ಶ್ರಾವಣದಲ್ಲಿ ಮರಳಿಯಲ್ಲೊಂದು ಮದುವೆ ಶೂಟಿಂಗ್ ಇತ್ತು. ಗಂಗಾವತಿ ಕಡೆಯ ಊರು, ಸುತ್ತೆಲ್ಲ ಗದ್ದೆ, ಆಗಷ್ಟೇ ನಾಟಿ ಮುಗಿದಿತ್ತು. ಎತ್ತ ತಿರುಗಿದರೂ ಕಾಲುವೆ ನೀರಿನ, ತುಳಿದ ಕೆಸರಿನ ವಾಸನೆ. ಮದುಮಗಳನ್ನು ಗಂಡನ ಮನೆಯ ಹೊಸ್ತಿಲ ಮುಂದೆ ನಿಲ್ಲಿಸಿದ್ದರು. ನಾದಿನಿಯರು ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ, "ಹೆಸರ ಹೇಳು, ಬಾಗಲಾ ಬಿಡತೀವಿ" ಎಂದು ಗದ್ದಲ ಎಬ್ಬಿಸಿದ್ದರು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮದುವೆ, ಬಸುರಿಗೆ ಮಾಡುವ ಕುಬಸದಂಥ ಶುಭದ ದಿನ ಮಾತ್ರ, ಪ್ರಾಸ ಕಟ್ಟಿದ ಎರಡು ಸಾಲಿನ ಒಡಪಿನೊಳಗೆ ಆ ಹೆಸರನ್ನು ಸೇರಿಸಿ ಹೇಳಬೇಕು. ಹೇಳಿದ ಮೇಲೆ ಅಡ್ಡ ಹಿಡಿದ ಕೈ ಕೆಳಗಿಳಿಸಲೇಬೇಕು, ಅದು ಕಟ್ಟಳೆ. ಈಗಿನ ಹುಡುಗಿಯರು ಫೋನಿನಲ್ಲಿ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಆದರೂ ಹೊಸ್ತಿಲಿಗೆ ಬಂದಾಗ ಅವರ ಮುಖವೂ ಕೆಂಪಾಗುತ್ತದೆ. ನಾಚಿಕೆ ಗಂಡನ ಸಲುವಾಗಿಯೋ ನನ್ನ ಕ್ಯಾಮೆರಾದ ಸಲುವಾಗಿಯೋ ದೇವರೇ ಬಲ್ಲ.

ಮರಳಿಯ ಹುಡುಗಿ ಒಡಪು ಹೇಳಿದಳು, ನಾದಿನಿಯರು ನಗುತ್ತ ಪಕ್ಕಕ್ಕೆ ಸರಿದರು. ಇಂಥದ್ದನ್ನು ನಾನು ಅದೆಷ್ಟು ಸಲ ಹಿಡಿದಿದ್ದೇನೋ. ಆದರೆ ಈ ಸಲ ಕ್ಯಾಮೆರಾ ಹಿಡಿದ ಕೈ ಅಲುಗಿಬಿಟ್ಟಿತು. ಮಿಕ್ಸಿಂಗ್ ಮಾಡುವಾಗ ಆ ತುಣುಕು ತೆಗೆಯಬೇಕಾಗುತ್ತದೆ, ಮದುವೆಯವರು ಬೈಯುತ್ತಾರೆ. ಬೈಯಲಿ. ಆ ಕೆಸರಿನ ವಾಸನೆಗೆ ನನಗೆ ರೇಣವ್ವನ ನೆನಪಾಗಿತ್ತು.

ನನ್ನದು ಕೊಪ್ಪಳದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣದೊಂದು ಸ್ಟುಡಿಯೊ. ಮದುವೆ, ತೊಟ್ಟಿಲು, ಗೃಹಪ್ರವೇಶ, ಯಾವುದಾದರೂ ಸರಿ. ರೇಣವ್ವನನ್ನು ಕಂಡ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮದುವೆಗಳ ಭರಾಟೆ ಇಳಿದಿತ್ತು. ಆಗ ಹಿಟ್ನಾಳದ ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಿಂದ ಕರೆ ಬಂತು. ಕಂಪನಿಯ ದೊಡ್ಡ ಸಮ್ಮೇಳನವಂತೆ, ಬೇರೆ ಬೇರೆ ರಾಜ್ಯಗಳ ಅಧಿಕಾರಿಗಳು ಸೇರುತ್ತಾರಂತೆ. ಅಲ್ಲಿ ತೋರಿಸಲು ಒಂದು ಪುಟ್ಟ ಚಿತ್ರ ಆಗಬೇಕು. ಚಿತ್ರ ಮಾಡಿಸುವವನು ಬೆಂಗಳೂರಿನ ಕಾರ್ತಿಕ್ ಎಂಬ ಹುಡುಗ. ಅವನಿಗೆ ಇಲ್ಲಿಯ ಮಾತು ಬಲ್ಲ ಒಬ್ಬ ಕ್ಯಾಮೆರಾದವನು ಬೇಕಿತ್ತು. ಭಾಷೆಗೂ ಕ್ಯಾಮೆರಾಕ್ಕೂ ಒಂದೇ ಆಳು, ನಾನು.

ಕಾರ್ತಿಕ್ ಕೆಟ್ಟವನಲ್ಲ. ಕೆಲಸ ಬಲ್ಲವನು. ಕಾರ್ಖಾನೆಯ ಆಫೀಸಿನಲ್ಲಿ ಕೂರಿಸಿಕೊಂಡು ನನಗೆ ಪಾಠ ಮಾಡಿದ.

"ಸರ್, ಈ ಸಲದ ಸಮ್ಮೇಳನದ ಮಾತು 'ಎಲ್ಲರೂ ಮನೆಗೆ' ಅಂತ. ಕೆಲಸಕ್ಕೆ ಬಂದ ಪ್ರತಿಯೊಬ್ಬರೂ ಸಂಜೆ ಸುರಕ್ಷಿತವಾಗಿ ಮನೆಗೆ ಹೋಗ್ಬೇಕು ಅನ್ನೋದು. ಇದನ್ನ ಚೇರ್ಮನ್ನರು ಭಾಷಣದಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಎಲ್ಲ ಫೋನ್ ನೋಡ್ತಾ ಕೂತಿರ್ತಾರೆ. ಅದಕ್ಕೆ ಮೊದಲು ಒಬ್ಬರ ಕಥೆ ತೋರಿಸ್ಬೇಕು. ಒಂದೇ ಒಂದು ಮುಖ. ಮನೆಗೆ ವಾಪಸ್ ಬರದೇ ಇದ್ದವನ ಹೆಂಡತಿ ಮುಖ. ಆಮೇಲೆ ಚೇರ್ಮನ್ ಎದ್ದು ನಿಂತು ಅದೇ ಮಾತು ಹೇಳಲಿ, ಎದೆಗೆ ಇಳಿಯುತ್ತೆ."

ಸುಳ್ಳೇನಲ್ಲ. ಮದುವೆ ವಿಡಿಯೊದಲ್ಲೂ ಅಷ್ಟೆ. ಊಟದ ಪಂಕ್ತಿ ಎಷ್ಟು ಹಿಡಿದರೂ ಯಾರೂ ನೋಡುವುದಿಲ್ಲ, ಮಗಳನ್ನು ಕಳಿಸುವಾಗ ಟವೆಲಿನಿಂದ ಮುಖ ಒರೆಸಿಕೊಳ್ಳುವ ಅಪ್ಪನನ್ನು ತೋರಿಸಿದರೆ ಇಡೀ ಮನೆ ಅಳುತ್ತದೆ. ನಾನು ತಲೆಯಾಡಿಸಿದೆ. ಕುಟುಂಬವನ್ನು ಮೊದಲೇ ಕಾರ್ಖಾನೆಯ ಮ್ಯಾನೇಜರ್ ಆರಿಸಿಟ್ಟಿದ್ದರು. ಹುಬ್ಬಳ್ಳಿ ಕಡೆಯ ಮನುಷ್ಯ, ಮೆತ್ತಗೆ ಮಾತಾಡುವವರು. "ಛಲೋ ಮಂದಿ ಅದಾರ. ತಕರಾರು ಮಾಡೂ ಪೈಕಿ ಅಲ್ಲ" ಎಂದರು. ಆ ಮಾತು ನನಗೆ ಆಗಲೇ ಸ್ವಲ್ಪ ಚುಚ್ಚಿತು.

ಆ ಮನೆ ಕಾರ್ಖಾನೆಯ ಚಿಮಣಿ ಕಾಣುವಷ್ಟೇ ದೂರದ ಊರಿನಲ್ಲಿತ್ತು. ಅಲ್ಲಿ ಎಲೆ ಹಸಿರಾಗಿರುವುದಿಲ್ಲ. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣವಾಗುತ್ತದೆ, ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಿದ ಮಗುವಿನ ಪಾದ ಹಂಚಿನ ತಳದಂತೆ ಕರ್ರಗಾಗುತ್ತದೆ. ನಾವು ಹೋದ ದಿನ ಮನೆಯ ಮುಂದಿನ ಬೇವಿನ ಮರಕ್ಕೆ ಕಂಪನಿಯ ನೀರಿನ ಟ್ಯಾಂಕರು ಪೈಪು ಹಿಡಿದು ನಿಂತಿತ್ತು. ಕಾರ್ತಿಕ್‌ಗೆ ಹಸಿರು ಎಲೆ ಬೇಕಾಗಿತ್ತು. ಮರಕ್ಕೆ ಜಳಕ ನಡೆದಿದ್ದರೆ ಓಣಿಯ ಹೆಂಗಸರು ಕೊಡ ತಂದು ಟ್ಯಾಂಕರಿನ ಸುತ್ತ ನಿಂತರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಡ್ರೈವರ್ ಒಳ್ಳೆಯವನು, ಮರ ಬಿಟ್ಟು ಕೊಡಗಳಿಗೆ ಪೈಪು ತಿರುಗಿಸಿದ.

ಒಳಗೆ ಇಬ್ಬರು ಹೆಂಗಸರು. ಹಂಪವ್ವ, ಸತ್ತವನ ತಾಯಿ. ರೇಣವ್ವ, ಅವನ ಹೆಂಡತಿ. ಮರಳಿಯ ಹುಡುಗಿ ಅವಳು, ಗದ್ದೆ-ಕಾಲುವೆಯ ನಡುವೆ ಬೆಳೆದವಳು, ಈ ಕರಿ ಧೂಳಿಗೆ ಮದುವೆಯಾಗಿ ಬಂದಿದ್ದಳು. ಜೊತೆಗೆ ಆಗಷ್ಟೇ ಮಾತು ಕಲಿಯುತ್ತಿದ್ದ ಒಂದು ಹೆಣ್ಣುಮಗು. ರೇಣವ್ವನ ಗಂಡ ಗುತ್ತೇದಾರನ ಕೈಕೆಳಗೆ ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅದರ ಹಿಂದಿನ ವರ್ಷ ಬಟ್ಟಿಯ ಪಕ್ಕದ ಕೊಳವೆ ಒಡೆದು ಬೆಂಕಿಯಂಥ ಬೂದಿ ಮೈಮೇಲೆ ಸುರಿದು ಸತ್ತಿದ್ದ. ಅಷ್ಟು ನನಗೆ ಹೇಳಿದ್ದರು. ಅವನ ಹೆಸರು ಮಾತ್ರ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ರೇಣವ್ವನ ಸೆರಗಿಗೆ ಮೈಕು ಸಿಕ್ಕಿಸಿ, ಕಿಟಕಿಯ ಬೆಳಕು ಒಂದು ಕೆನ್ನೆಗೆ ಬೀಳುವಂತೆ ಕೂರಿಸಿದೆವು. ಅವಳು ಹೇಳಿದ್ದನ್ನೆಲ್ಲ ಚೆನ್ನಾಗಿಯೇ ಹೇಳಿದಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟದ್ದು, ಮಗಳ ಕೆನ್ನೆ ಹಿಂಡಿ ಹೋದದ್ದು. ಎಲ್ಲದಕ್ಕೂ "ಅವರು", "ನಮ್ಮ ಮನಿಯವರು". ಆಗ ಕಾರ್ತಿಕ್, "ಸರ್, ಗಂಡನ ಹೆಸರು ಹೇಳಿ ಶುರು ಮಾಡೋಕೆ ಹೇಳಿ. ಹೆಸರು ಬಂದ್ರೆ ಹತ್ತಿರ ಆಗುತ್ತೆ" ಎಂದ.

ನಾನು ಹೇಳಿದೆ. ರೇಣವ್ವ ನನ್ನನ್ನು ನೋಡಿದಳು. ತುಟಿ ಅಲುಗಿತು. ಅತ್ತೆಯ ಕಡೆ ತಿರುಗಿದಳು. ಹಂಪವ್ವ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ರೇಣವ್ವ ಮತ್ತೆ ಕ್ಯಾಮೆರಾದ ಕಡೆ ತಿರುಗಿ, ಬಾಯಿ ತೆರೆದು, ಮುಚ್ಚಿ, ಕಣ್ಣು ತುಂಬಿಕೊಂಡು ಸುಮ್ಮನಾದಳು. ಕಾರ್ತಿಕ್ ನನ್ನ ಭುಜ ಒತ್ತಿದ, ನಿಲ್ಲಿಸಬೇಡ ಎಂದು. ಕ್ಯಾಮೆರಾ ಓಡುತ್ತಲೇ ಇತ್ತು.

ವಾಪಸು ಬರುವಾಗ ಜೀಪಿನಲ್ಲಿ ಅವನ ಸಂಭ್ರಮ ಹೇಳತೀರದು. "ಆ ಮೌನ ನೋಡಿದ್ರಾ ಸರ್? ಅದೇ ನಮ್ಮ ಚಿತ್ರದ ತುದಿ. ಗಂಡನ ಹೆಸರೆತ್ತಿದ್ರೆ ಸಾಕು, ದುಃಖಕ್ಕೆ ಮಾತೇ ಹೊರಡಲ್ಲ."

"ದುಃಖಕ್ಕಲ್ಲಪ್ಪ, ನಮ್ಮ ಕಡೆ ಹೆಂಡತಿ ಹೆಸರು ಹೇಳೋ ಪದ್ಧತಿ ಇಲ್ಲ" ಎಂದೆ.

ಮುಂದಿನ ಸೀಟಿನಲ್ಲಿದ್ದ ಮ್ಯಾನೇಜರ್ ನಕ್ಕರು. "ಹೌದ್ರಿ, ನಮ್ಮವ್ವನೂ ಹೇಳಂಗಿಲ್ಲ. ರೇಶನ್ ಅಂಗಡ್ಯಾಗ ನಮ್ಮಪ್ಪನ ಹೆಸರ ಕೇಳಿದ್ರ ನನ್ನ ಮುಂದ ದಬ್ಬತಿದ್ಲು." ಆಮೇಲೆ, "ಆದ್ರೂ ಅದನ್ನ ಹಂಗ ಇಡ್ರಿ. ಹೊರಗಿನವರಿಗೆ ಏನ್ ಗೊತ್ತಾಗತೈತಿ?" ಎಂದರು. ಗೊತ್ತಿಲ್ಲದ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೊತ್ತಿದ್ದೂ ಹೀಗೆಂದ ಇವರ ಮೇಲೆ ಬಂತು.

ಎರಡನೆಯ ಸಲ ನಾನೊಬ್ಬನೇ ಹೋದೆ. ಕಾರ್ತಿಕ್‌ಗೆ ರೊಟ್ಟಿ ಬಡಿಯುವ ಕೈ ಬೇಕಿತ್ತು, ಖಾಲಿ ಬುತ್ತಿಯ ಡಬ್ಬಿ ಬೇಕಿತ್ತು, ಗೂಟಕ್ಕೆ ನೇತುಹಾಕಿದ ಅಂಗಿ ಬೇಕಿತ್ತು. ಮೋಡ ಕಟ್ಟಿತ್ತು, ಮಳೆ ಬಂದಿರಲಿಲ್ಲ, ಸೆಕೆಗೆ ಜೀವ ಹೋಗುವಂತಿತ್ತು. ರೇಣವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ನಾನು ಅವಳ ಕೈ ಹಿಡಿಯುತ್ತಿದ್ದೆ, ಅಂದರೆ ಕ್ಯಾಮೆರಾದಲ್ಲಿ. ಆಗ ಅವಳೇ ಮಾತು ತೆಗೆದಳು.

"ಅಣ್ಣಾರ, ಆವತ್ತ ಹೆಸರ ಕೇಳಿದಾಗ ನಾ ಯಾಕ ಅತ್ತೆ ಗೊತ್ತೇನ್ರಿ?"

"ಹೇಳಬಾರದು ಅಂತ ಅಲ್ಲೇನು ತಂಗೆವ್ವಾ?"

"ಅದೂ ಹೌದ್ರಿ. ಆದ್ರ ಆ ಕಂಪನಿಯವ್ರು ನನಗ ಅವರ ಹೆಸರ ಕೇಳಿದ್ದು ಅದ ಮೊದಲಲ್ಲ."

ಅವಳು ಹೇಳಿದ್ದಿಷ್ಟು. ಅಪಘಾತದ ದಿನ ಸೈರನ್ ಕೂಗಿದಾಗ ಗಂಡಸರೆಲ್ಲ ಕೆಲಸದ ಮೇಲೆ ದೂರ ಹೋಗಿದ್ದರು. ಅತ್ತೆ-ಸೊಸೆ ಇಬ್ಬರೂ ಇನ್ನೂ ಮಾತು ಬಾರದ ಮಗುವನ್ನು ಬಗಲಿಗೆ ಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಓಡಿದರು. ಬೇರೆ ರಾಜ್ಯದ ವಾಚ್‌ಮನ್, ಹಿಂದಿಯವನು. ಯಾರು ಬೇಕು, ಹೆಸರು ಹೇಳಿ ಎಂದ.

"ನಮ್ಮ ಮನಿಯವ್ರು ಅಂದೆ. ನಾಮ್ ಬೋಲೋ ಅಂದ. ಹೆಸರ ಹಲ್ಲಿನ ತನಕ ಬಂತ್ರಿ ಅಣ್ಣಾರ. ಒಳಗ ಏನಾಗೈತೋ ಏನೋ, ಇಂಥಾ ಹೊತ್ತಿನ್ಯಾಗ ಹೆಸರ ಹೇಳಿ ಅವರ ಆಯುಷ್ಯ ನಾನ ಕಡಿಮಿ ಮಾಡಲೇನು ಅಂತ ನುಂಗಿಬಿಟ್ಟೆ."

"ಅತ್ತೆ ಹೇಳಬಹುದಿತ್ತಲ್ಲ?"

ಉತ್ತರ ಹಂಪವ್ವನಿಂದ ಬಂತು. ಪಡಸಾಲೆಯಲ್ಲಿ ಮಗುವಿನ ತಲೆ ಬಾಚುತ್ತಿದ್ದಳು. "ಅಂವ ಹುಟ್ಟಿದಾಗ ನಮ್ಮ ಮಾವನ ಹೆಸರ ಇಟ್ರು, ತಮ್ಮಾ. ಮಾವನ ಹೆಸರ ಸೊಸಿ ಬಾಯಾಗ ಬರಬಾರದು. ಅದಕ ನಾ ಅಜ್ಜಪ್ಪ ಅಂತ ಕರದೆ. ಎದಿಹಾಲ ಕುಡಿಯುವಾಗೂ ಅಜ್ಜಪ್ಪ, ಮದಿವ್ಯಾಗೂ ಅಜ್ಜಪ್ಪ. ಗೇಟಿನ್ಯಾಗೂ ನಾ ಅಜ್ಜಪ್ಪ ಅಂದೆ. ಆ ವಾಚ್‌ಮನ್ ಫೋನಿನ್ಯಾಗ ಕೇಳಿದ. ಅಜ್ಜಪ್ಪ ಅನ್ನಾಂವ ಇಲ್ಲಿ ಯಾರೂ ಇಲ್ಲ, ನಡೀರಿ ಅಂದ. ಗೇಟ್ ಹಾಕ್ಕೊಂಡ."

ಅವರಿಬ್ಬರೂ ಆ ಗೇಟಿನ ಮುಂದೆ ಬಿಸಿಲಲ್ಲಿ ಕೂತೇ ಇದ್ದರು. ಆ ಹೊತ್ತಿನಲ್ಲಿ ಅವನು ಒಳಗೆ ಬದುಕಿದ್ದ. ನೀರು ಕೇಳಿದನಂತೆ, ಹೆಂಡತಿಯನ್ನು ಕೇಳಿದನಂತೆ. ಊರಿನ ಒಬ್ಬ ಗಂಡಸು ಸುದ್ದಿ ಕೇಳಿ ಓಡಿಬಂದು ವಾಚ್‌ಮನ್‌ಗೆ ಸರಿಯಾದ ಹೆಸರು ಹೇಳುವಷ್ಟರಲ್ಲಿ ಅವನನ್ನು ಹಿಂದಿನ ಗೇಟಿನಿಂದ ಆಸ್ಪತ್ರೆಗೆ ಸಾಗಿಸಿದ್ದರು. ದಾರಿಯಲ್ಲೇ ಸತ್ತ. ಅವನನ್ನು ಅತ್ಯಂತ ಹತ್ತಿರದಿಂದ ಬಲ್ಲ ಇಬ್ಬರು ಹೆಂಗಸರು ಗೇಟಿನಲ್ಲೇ ಇದ್ದರು, ಇಬ್ಬರಿಗೂ ಅವನ ಹೆಸರು ಹೇಳಲು ಬರುತ್ತಿರಲಿಲ್ಲ. ಕ್ಯಾಮೆರಾ ಯಾವಾಗ ಆಫ್ ಮಾಡಿದೆನೋ ನೆನಪಿಲ್ಲ. ರೇಣವ್ವ ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದನ್ನು ನೋಡಿ ತೆಗೆದು ಪಕ್ಕಕ್ಕಿಟ್ಟಳು.

ಚಿತ್ರ ಒಂದು ರೂಪಕ್ಕೆ ಬಂದಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿದೆ. ಇದು ನನ್ನ ಚಾಳಿ. ಮದುವೆ ಮನೆಯವರಿಗೂ ಮೊದಲು ತೋರಿಸಿಯೇ ಕೊಡುತ್ತೇನೆ. ಹಸಿರು ಬೇವಿನ ಮರ, ರೊಟ್ಟಿ ಬಡಿಯುವ ಕೈ, ಗೂಟದ ಅಂಗಿ, ಕೊನೆಗೆ ಆ ಮೌನ, ಅದರ ಹಿಂದೆ ಪಿಟೀಲು. ಮಗು ತನ್ನನ್ನೇ ತಾನು ನೋಡಿ ಚಪ್ಪಾಳೆ ತಟ್ಟಿತು. ರೇಣವ್ವ ಕೊನೆಯವರೆಗೆ ನೋಡಿ ಕೇಳಿದಳು.

"ಇದರಾಗ ಅವರ ಹೆಸರ ಎಲ್ಲೂ ಬರಲಿಲ್ಲಲ್ರಿ?"

"ಯಾರೂ ಹೇಳಿಲ್ಲಲ್ಲ ತಂಗೆವ್ವಾ."

ಅವಳು ಮಗುವನ್ನು ತೊಡೆಗೆಳೆದುಕೊಂಡಳು. ಆಮೇಲೆ, "ನಾ ಹೇಳತೀನಿ" ಎಂದಳು. "ಅಂಥಾ ಹೆಸರಿನವ್ರು ಇಲ್ಲ ಅಂದಿದ್ರಲ್ಲ, ಅವರ ಮುಂದನ ಹೇಳತೀನಿ. ಅವರ ಸಾಹೇಬ್ರೆಲ್ಲಾ ಕೇಳಲಿ. ಆವತ್ತ ನುಂಗಿದ್ದು ಇನ್ನೂ ಗಂಟಲದಾಗ ಐತ್ರಿ ಅಣ್ಣಾರ. ಅನ್ನ ಇಳಿಯಂಗಿಲ್ಲ."

ಹಂಪವ್ವ ಸಿಡಿದೆದ್ದಳು. "ಏನಂತ ಹೇಳ್ತಿ? ಒಡಪು ಮುತ್ತೈದೇರು ಹೇಳೂದು. ಹಣಿ ಬರಿದು ಮಾಡ್ಕೊಂಡಾಕಿ ಒಡಪು ಹೇಳಿದ್ರ ಊರು ನಗತೈತಿ."

"ನಗಲಿ ಬಿಡತ್ತಿ. ಹಂಗ ಹೆಸರ ಹೇಳಾಕ ನನಗ ಬಾಯಿ ಬರಂಗಿಲ್ಲ. ಒಡಪಿನ್ಯಾಗ ಆದ್ರ ಬರತೈತಿ. ನಾ ಹೇಳಿದ್ದು ಮದಿವ್ಯಾಗ ಅದೊಂದ ಸಲ."

ಮುದುಕಿ ಎದ್ದು ಹೊರಗೆ ಹೋದಳು. ಮುನಿಸಿಕೊಂಡು ಹೋದಳು ಎಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ಮುಖ ತೊಳೆದು ಬಂದಳು. ಬಂದವಳು ಹೊಸ್ತಿಲ ಒಳಗೆ ನಿಂತು ಬಾಗಿಲಿಗೆ ಅಡ್ಡ ಕೈ ಹಿಡಿದಳು. ಆ ಕೈಯಲ್ಲಿ ಬಳೆ ಇರಲಿಲ್ಲ.

"ನನ್ನ ಬಾಯಾಗ ಅದು ಬರೂದಲ್ಲ. ನೀನೂ ಹೇಳಲಿಲ್ಲಂದ್ರ ಅಂವ ಇದ್ದನೋ ಇಲ್ಲೋ ಅನ್ನೂದ ಗೊತ್ತಾಗಂಗಿಲ್ಲ. ಹೊರಗ ಹೋಗಿ ನಿಂದರು. ಹೆಸರ ಹೇಳು, ಬಾಗಲಾ ಬಿಡತೀನಿ" ಎಂದಳು.

ರೇಣವ್ವ ಅಂಗಳಕ್ಕಿಳಿದು ಹೊಸ್ತಿಲ ಮುಂದೆ ನಿಂತಳು. ನಾನು ಕ್ಯಾಮೆರಾ ಹಿಡಿದೆ. ಆಗಲೇ ದೊಡ್ಡ ಹನಿಯ ಮಳೆ ಶುರುವಾಗಿ ಬೇವಿನ ಎಲೆಯಿಂದ ಕರಿ ನೀರು ತೊಟ್ಟಿಕ್ಕುತ್ತಿತ್ತು. ಅವಳು ಸೆರಗು ಹೊದ್ದು, ಮದುವೆಯ ದಿನ ತವರಿನವರು ಕಲಿಸಿಕೊಟ್ಟ ಒಡಪನ್ನೇ ಹೇಳಿದಳು:

"ಕಾಲುವ್ಯಾಗ ಬಂತು ಕೆಂಪಾದ ಹೊಸ ನೀರು,
ದ್ಯಾಮಣ್ಣನ ಹೆಂಡತಿ ನಾ, ಬಾಗಲಾ ತಡದವರ್ಯಾರು?"

ದ್ಯಾಮಣ್ಣ. ಆ ಮನೆಗೆ ಅಷ್ಟು ಸಲ ಹೋಗಿಯೂ ನಾನು ಆ ಹೆಸರು ಕೇಳಿದ್ದು ಆಗಲೇ. ಹಂಪವ್ವ ಕೈ ಕೆಳಗಿಳಿಸಿ ಪಕ್ಕಕ್ಕೆ ಸರಿದಳು. ರೇಣವ್ವ ಒಳಗೆ ಬಂದಳು. ಅತ್ತೆ-ಸೊಸೆ ಇಬ್ಬರೂ ಅಳಲಿಲ್ಲ, ನನಗೇ ಅಳು ಬಂತು. ಮದುವೆಯವರ ಅಳು ನೋಡಿ ನೋಡಿ ಒಣಗಿಹೋದ ಕಣ್ಣು ಇವು ಎಂದುಕೊಂಡಿದ್ದೆ.

ಅದನ್ನು ಚಿತ್ರದ ಕೊನೆಗೆ ಸೇರಿಸಿದೆ. ಕಾರ್ತಿಕ್ ನೋಡಿ ಕುರ್ಚಿಯಿಂದ ಎದ್ದುಬಿಟ್ಟ, ಇದಕ್ಕಿಂತ ಬೇರೆ ಕೊನೆ ಬೇಡವೇ ಬೇಡ ಎಂದ. ಆ ಹುಡುಗನ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತು ಇದು. ಆದರೆ ಮ್ಯಾನೇಜರ್ ಒಪ್ಪಲಿಲ್ಲ. ಸಿಟ್ಟಾಗಲೂ ಇಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವುದು ಅವರಿಗೆ ಕರಗತ.

"ಭಾಳ ಛಲೋ ಬಂದೈತ್ರಿ. ಆದ್ರ ಹೆಸರ ಬ್ಯಾಡ. ಹೆಸರ ಬಂದ್ರ ಯಾವೂರು, ಯಾವ ಗುತ್ತೇದಾರ, ಯಾವ ದಿನಾ ಅಂತ ಒಂದೊಂದ ಬರತಾವು. ಇದು ಯಾರರ ಮನಿ ಕಥಿ ಅಂತಿರಲಿ. ಮೊದಲಿನ ಮೌನ ಐತಲ್ಲ, ಅದ ಇರಲಿ."

ಕಾರ್ತಿಕ್ ಮೆಲ್ಲಗೆ, "ಹೆಸರಿಲ್ದಿದ್ರೆ ಎಲ್ಲರ ಕಥೆ ಆಗುತ್ತೆ, ಅದೂ ಒಂದು ಲೆಕ್ಕಕ್ಕೆ ಸರಿ" ಎಂದ. ಅವನಿಗೆ ಮುಂದಿನ ವರ್ಷದ ಕೆಲಸವೂ ಬೇಕಿತ್ತು.

"ಎಲ್ಲಾರ ಕಥಿ ಹೆಂಗ ಆಗತೈತ್ರಿ? ಸುಟ್ಟುಕೊಂಡಾಂವ ಒಬ್ಬನ" ಎಂದು ನಾನು ಧ್ವನಿ ಏರಿಸಿದೆ. ಮ್ಯಾನೇಜರ್ ಚಹಾ ತರಿಸಿದರು. ಅಲ್ಲಿಗೆ ಮಾತು ಮುಗಿಯಿತು.

ನಾನು ರೇಣವ್ವನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೆಸರು ತೆಗೆದರು ಎಂದೆ.

"ಸಮ್ಮೇಳನಕ್ಕ ನಮ್ಮನ್ನ ಕರದಾರಲ್ರಿ ಅಣ್ಣಾರ?"

"ಹೌದು. ಶಾಲು ಹೊದಸ್ತಾರಂತ."

"ಹಂಗಾರ ಅಲ್ಲೇ ಹೇಳತೀನಿ ಬಿಡ್ರಿ."

ಸಮ್ಮೇಳನ ಹೊಸಪೇಟೆ ರಸ್ತೆಯ ದೊಡ್ಡ ಹೋಟೆಲಿನಲ್ಲಿ, ಶ್ರಾವಣದಲ್ಲೇ. ಕಾಲುವೆಗೆ ಹೊಸ ನೀರು ಬಿಟ್ಟಿದ್ದರು. ದಾರಿಯಲ್ಲಿ ರೇಣವ್ವ ಕಾರಿನ ಗಾಜಿಗೆ ಹಣೆ ಒತ್ತಿ ಆ ಕೆಂಪು ನೀರನ್ನೇ ನೋಡುತ್ತಿದ್ದಳು. ಕೆಂಪು ಇಳಕಲ್ ಸೀರೆ ಉಟ್ಟಿದ್ದಳು. ಹಂಪವ್ವನೇ ಪೆಟ್ಟಿಗೆಯಿಂದ ತೆಗೆದು ಕೊಟ್ಟಿದ್ದಳಂತೆ, ತಾನು ಮಾತ್ರ ಬರುವುದಿಲ್ಲ ಎಂದಿದ್ದಳಂತೆ. ಹೋಟೆಲಿನ ಬಾಗಿಲಲ್ಲಿ ಸಮವಸ್ತ್ರದವನೊಬ್ಬ ನಿಂತಿದ್ದ. ಅವನನ್ನು ಕಂಡು ರೇಣವ್ವ ಗಕ್ಕನೆ ನಿಂತುಬಿಟ್ಟಳು. ಅವನು ಏನೂ ಕೇಳಲಿಲ್ಲ, ಸಲಾಮು ಹೊಡೆದು ಗಾಜಿನ ಬಾಗಿಲು ತೆರೆದ.

ಒಳಗೆ ಚಳಿ ಹಿಡಿಯುವಷ್ಟು ಎ.ಸಿ. ಟೈ ಕಟ್ಟಿದವರು ಸಾಲು ಸಾಲಾಗಿ ಕೂತಿದ್ದರು. ಯಾರ ಮಾತೂ ಕನ್ನಡವಲ್ಲ. ನಾನು ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತೆ. ದೀಪ ಆರಿಸಿ ಚಿತ್ರ ತೋರಿಸಿದರು. ಕಾರ್ತಿಕ್ ಹೇಳಿದ್ದೆಲ್ಲ ನಿಜವಾಯಿತು. ಫೋನುಗಳು ಒಂದೊಂದಾಗಿ ಆರಿದವು. ಆ ಮೌನ ಬಂದಾಗ ಮುಂದಿನ ಸಾಲಿನ ಒಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸುಳ್ಳು ಕಣ್ಣೀರಲ್ಲ, ನನಗೆ ಅದರ ಪರಿಚಯವಿದೆ. ಆಮೇಲೆ ಚೇರ್ಮನ್ ಎದ್ದು, ನಾವೆಲ್ಲ ಒಂದೇ ಕುಟುಂಬ ಎಂದರು. ಮಾತು ಎದೆಗೆ ಇಳಿಯಿತು. ಇಡೀ ಸಭೆ ಎದ್ದು ನಿಂತಿತು.

ರೇಣವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಿರೂಪಣೆಯ ಹುಡುಗಿ ಮೈಕು ಅವಳ ಬಾಯಿಯ ಹತ್ತಿರ ಹಿಡಿದು, ಎರಡು ಮಾತು ಹೇಳಿ ಎಂದು ಸನ್ನೆ ಮಾಡಿದಳು. ಮ್ಯಾನೇಜರ್ ಕುರ್ಚಿಯ ತುದಿಗೆ ಬಂದರು. ರೇಣವ್ವ ಶಾಲನ್ನು ತೆಗೆದು ಕೈಯಲ್ಲಿ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ದೊಡ್ಡ ಧ್ವನಿಯಲ್ಲಿ ಹೇಳಿದಳು:

"ಕಾಲುವ್ಯಾಗ ಬಂತು ಕೆಂಪಾದ ಹೊಸ ನೀರು,
ದ್ಯಾಮಣ್ಣನ ಹೆಂಡತಿ ನಾ, ಬಾಗಲಾ ತಡದವರ್ಯಾರು?"

ಆ ಹೆಸರು ಆ ಸಭಾಂಗಣದ ಅಷ್ಟೂ ಸ್ಪೀಕರುಗಳಲ್ಲಿ ಮೊಳಗಿತು. ಹಿಂದೆ ಟೀ ಕಪ್ಪು ಜೋಡಿಸುತ್ತಿದ್ದ ಹೋಟೆಲಿನ ಒಬ್ಬ ಆಳು, ನಮ್ಮ ಕಡೆಯವನೇ, ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೆಟ್ಟಗೆ ನಿಂತ. ಮ್ಯಾನೇಜರ್ ತಲೆ ತಗ್ಗಿಸಿದರು. ಉಳಿದವರೆಲ್ಲ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಚಪ್ಪಾಳೆ ತಟ್ಟಿದರು. ಜೋರಾಗಿ, ಮನಸಾರೆ. ನಿರೂಪಣೆಯ ಹುಡುಗಿ ಇಂಗ್ಲಿಷಿನಲ್ಲಿ, ಎಂಥ ಸೊಗಸಾದ ಜನಪದ ಹಾಡು ಎಂದಳು. ಮತ್ತಷ್ಟು ಚಪ್ಪಾಳೆ.

ರೇಣವ್ವ ಅಲ್ಲಿಂದ ಕದಲಲಿಲ್ಲ. ಹೇಳುವುದು ಮುಗಿದಿತ್ತು, ಆದರೂ ಮೈಕಿನ ಮುಂದೆ ನಿಂತೇ ಇದ್ದಳು, ಯಾರೋ ಏನೋ ಹೇಳಬೇಕು ಎಂಬಂತೆ ಆ ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಏನಕ್ಕಾಗಿ ಕಾಯುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ. ನಿರೂಪಣೆಯ ಹುಡುಗಿ ನಯವಾಗಿ ಅವಳ ಭುಜ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದಳು. ಊಟದ ಹೊತ್ತಾಗಿತ್ತು.

ಸಂಜೆ ಕಂಪನಿಯ ಕಾರಿನಲ್ಲಿ ಅವಳನ್ನು ಊರಿಗೆ ಬಿಡಲು ನಾನೂ ಹೋದೆ. ಹೇಳಿಬಿಟ್ಟಳಲ್ಲ, ಗಂಟಲಿನದು ಇಳಿಯಿತಲ್ಲ ಎಂದು ನಾನು ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಳೆ ನಿಂತು ಚಿಮಣಿಯ ಹೊಗೆ ಊರಿನ ಮೇಲೆ ಬಾಗಿತ್ತು. ಬೇವಿನ ಮರ ಮತ್ತೆ ಕಪ್ಪಾಗತೊಡಗಿತ್ತು. ಹಂಪವ್ವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಸ್ತಿಲ ಮೇಲೇ ಕೂತಿದ್ದಳು. ನಮ್ಮನ್ನು ಕಂಡು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಹೇಳಿದೇನು?"

"ಹೇಳಿದೆ ಅತ್ತಿ."

"ಎಲ್ಲಾರೂ ಕೇಳಿದ್ರೇನು?"

"ಕೇಳಿದ್ರು."

"ಏನಂದ್ರು?"

"ಚಪ್ಪಾಳಿ ಹೊಡದ್ರು."

ಮುದುಕಿ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು, ನಾನು ಏನಾದರೂ ಹೇಳುತ್ತೇನೇನೋ ಎಂದು. ನಾನು ಕ್ಯಾಮೆರಾದ ಚೀಲದ ಪಟ್ಟಿ ಸರಿಮಾಡಿಕೊಂಡೆ. ಅವಳು ಮತ್ತೆ ಸೊಸೆಯನ್ನೇ ಕೇಳಿದಳು.

"ಹೆಸರ ಹೇಳಿದ ಮ್ಯಾಲ ಬಾಗಲಾ ಬಿಡಬೇಕಲ್ಲವಾ. ಬಿಟ್ರೇನು?"

ರೇಣವ್ವ ಚಪ್ಪಲಿ ಬಿಟ್ಟು, ಆ ಶಾಲನ್ನು ಮಡಚಿದ ಹಾಗೇ ಎದೆಗೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು.

"ಇಲ್ಲತ್ತಿ" ಎಂದಳು.